ಕಳಚುವ ಮೊದಲು ಬಾಗಿಲ ಸಂದಿ ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಬಾಡಿ ಬಿಚ್ಚುವುದು, ತುಕ್ಕು ತೆಗೆಯುವುದು, ಮರಳಿ ಕೂರಿಸುವುದು ಇವುಗಳ ಬಗ್ಗೆ ಬಂದ ಪತ್ರಗಳು ಈ ಸಲ ಮೇಜಿನ ಮೇಲೆ ಒಂದು ಕಟ್ಟಿನಷ್ಟಾಗಿದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಂದಾಗಿಸಿ ಆರನ್ನು ಉತ್ತರಕ್ಕೆ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಹಲವು ತೊಂದರೆಗಳು ಅಲ್ಲಿಂದಲೇ ಹುಟ್ಟುತ್ತವೆ.

ಪ್ರಶ್ನೆ: ನನ್ನಲ್ಲಿ 1972ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ ಫೋರ್ ಇದೆ. ಬಾಗಿಲುಗಳ ಕೆಳಗಿನ ಸಿಲ್‌ಗಳು ತುಕ್ಕು ತಿಂದು ಪುಡಿಯಾಗುತ್ತಿವೆ, ಚಾಲಕನ ಕಾಲಿನ ಬಳಿ ನೆಲದ ತಗಡು ತೂತುಬಿದ್ದಿದೆ. ಬಾಡಿಯನ್ನು ಚಾಸಿಯಿಂದ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನಿಂದ, ಎತ್ತಿ ಸ್ಟ್ಯಾಂಡಿನ ಮೇಲಿಟ್ಟುಕೊಂಡರೆ ನಿಂತುಕೊಂಡೇ ಆರಾಮವಾಗಿ ಬೆಸುಗೆ ಹಾಕಬಹುದು ಎಂದು ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬಾಡಿಯನ್ನು ಖಂಡಿತ ಎತ್ತಬಹುದು, ಆದರೆ ಸಿಲ್‌ಗಳ ಕೆಲಸ ಮುಗಿಯುವ ತನಕ ಎತ್ತಬೇಡಿ. ಕಾರಣ ಈ ಕಾರಿನ ಹುಟ್ಟಿನಲ್ಲೇ ಇದೆ. 1962ರಲ್ಲಿ ಬಂದ ಸ್ಪಿಟ್‌ಫೈರ್‌ಗೆ ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅದರ ಚಾಸಿ ಟ್ರಯಂಫ್ ಹೆರಾಲ್ಡ್ ಕಾರಿನದ್ದನ್ನು ಕುಗ್ಗಿಸಿ ಮಾಡಿದ್ದು. ಹೆರಾಲ್ಡ್‌ನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 91.5 ಅಂಗುಲವಿದ್ದರೆ ಇಲ್ಲಿ 83 ಅಂಗುಲ, ಅಂದರೆ ಸುಮಾರು 2,108 ಮಿಲಿಮೀಟರ್. ಹಾಗೆ ಕುಗ್ಗಿಸುವಾಗ ಹೆರಾಲ್ಡ್ ಚಾಸಿಯ ಎರಡು ಪಕ್ಕಗಳಲ್ಲಿ ಬಾಡಿಗೆ ಆಸರೆಯಾಗಿದ್ದ ತೊಲೆಗಳನ್ನು ಕೈಬಿಟ್ಟು, ಆ ಹೊಣೆಯನ್ನು ಬಾಡಿಯ ಸಿಲ್‌ಗಳಿಗೆ ಹೊರಿಸಲಾಯಿತು. ಹೀಗಾಗಿ ಬಾಗಿಲ ಕೆಳಗೆ ಹೊಸ್ತಿಲಿನ ಹಾಗೆ ಉದ್ದಕ್ಕೂ ಸಾಗುವ ಆ ಪೆಟ್ಟಿಗೆಯಾಕಾರದ ಭಾಗವನ್ನು ಅಲಂಕಾರದ ತಗಡೆಂದು ಎಣಿಸಬಾರದು. ಮೇಲೆ ಛಾವಣಿಯಿಲ್ಲದ ಈ ಬಾಡಿಯ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿರುವ ಮುಖ್ಯ ತೊಲೆ ಅದೇ. ಹಿಂಗಾಲಿಗಳನ್ನು ಮುಂದೆ ಹಿಂದೆ ಸರಿಯದಂತೆ ಹಿಡಿಯುವ ರೇಡಿಯಸ್ ಆರ್ಮ್‌ಗಳೂ ಚಾಸಿಗಲ್ಲ, ಆಸನದ ಹಿಂದಿನ ಬಾಡಿಯ ತಗಡಿಗೇ ಸೇರುತ್ತವೆ. ಬಾಡಿ ಸೊಟ್ಟಗಾದರೆ ಗಾಲಿಯ ಸಾಲೂ ಕೆಡುತ್ತದೆ.

ತುಕ್ಕು ತಿಂದ ಸಿಲ್‌ಗಳಿರುವ ಬಾಡಿಯನ್ನು ಚಾಸಿಯಿಂದ ಎತ್ತಿದಾಗ ಅದು ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟು ಮಡಚಬೇಕೆಂದೇನೂ ಇಲ್ಲ, ನಾಲ್ಕೈದು ಮಿಲಿಮೀಟರ್ ಸಾಕು. ಆ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದರೆ ತಪ್ಪು ಶಾಶ್ವತವಾಗಿ ಒಳಗೆ ಉಳಿದುಬಿಡುತ್ತದೆ, ಬಣ್ಣ ಹಚ್ಚಿ ಬಾಗಿಲು ತೂಗುಹಾಕುವ ದಿನ ಅದು ಹೊರಬೀಳುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಈ ತಪ್ಪನ್ನು ಮಾಡಿ, ಬಣ್ಣ ಹಚ್ಚಿದ ಸಿಲ್ಲನ್ನು ಮತ್ತೆ ಕತ್ತರಿಸಿದವನು.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಬಾಗಿಲ ಸಂದಿಗಳನ್ನು ಅಳೆಯಿರಿ. ಕಾರು ಸಮತಟ್ಟಾದ ನೆಲದಲ್ಲಿ ತನ್ನ ಗಾಲಿಗಳ ಮೇಲೆಯೇ ನಿಂತಿರಲಿ, ಬಾಗಿಲು ಮುಚ್ಚಿರಲಿ. ಮುಂದಿನ ಅಂಚಿನಲ್ಲಿ ಮೇಲೆ ಮತ್ತು ಕೆಳಗೆ, ಹಿಂದಿನ ಅಂಚಿನಲ್ಲಿ ಮೇಲೆ ಮತ್ತು ಕೆಳಗೆ ಸಂದಿ ಎಷ್ಟಿದೆ ಎಂದು ನೋಡಿ, ಕಾಗದದ ಟೇಪ್ ಅಂಟಿಸಿ ಅಲ್ಲಲ್ಲೇ ಬರೆದಿಡಿ, ಫೋಟೋ ತೆಗೆಯಿರಿ. ಹಿಂದಿನ ಅಂಚಿನ ಸಂದಿ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ಈಗಾಗಲೇ ನಡುವಿನಲ್ಲಿ ಕುಸಿದಿರಬಹುದು. ಹಾಗೆಂದು ತೀರ್ಮಾನಿಸುವ ಮೊದಲು ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಕೈಯಿಂದ ಮೇಲಕ್ಕೆತ್ತಿ ನೋಡಿ. ಅದು ಅಲುಗಾಡಿದರೆ ದೋಷ ಸವೆದ ಬಿಜಾಗರಿಯದು, ಬಾಡಿಯದಲ್ಲ.

ನಂತರ ಚಾಸಿಗೆ ಸಸ್ಪೆನ್ಷನ್ ಸೇರುವ ಜಾಗಗಳ ಹತ್ತಿರ ನಾಲ್ಕು ಗಟ್ಟಿ ಆಸರೆ ಕೊಟ್ಟು ಮಟ್ಟಗೋಲು ಇಟ್ಟು ಸಮ ಮಾಡಿ. ನಡುವಿನಲ್ಲಿ ಜ್ಯಾಕ್ ಕೊಡಬೇಡಿ. ಸುಮಾರು 25 ಮಿಲಿಮೀಟರ್ ಚೌಕದ ಕಬ್ಬಿಣದ ಪೈಪನ್ನು ಬಾಗಿಲ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಸೊಂಟದ ಎತ್ತರದಲ್ಲಿ ಒಂದು, ಓರೆಯಾಗಿ ಇನ್ನೊಂದು ಬೆಸೆಯಿರಿ. ಎಡ ಬಾಗಿಲ ಕಂಬದಿಂದ ಬಲ ಬಾಗಿಲ ಕಂಬಕ್ಕೂ ಒಂದು ಅಡ್ಡ ಪೈಪ್ ಇರಲಿ. ಈ ಪೈಪ್‌ಗಳನ್ನು ಕಂಬದ ಒಳಮೈಗೆ ಬೆಸೆಯಬೇಕು, ಅವು ಇದ್ದಾಗಲೂ ಬಾಗಿಲನ್ನು ತೂಗುಹಾಕಿ ಮುಚ್ಚಲು ಬರಬೇಕು. ಬಾಗಿಲೇ ಇಲ್ಲಿ ನಿಮ್ಮ ಅಳತೆಗೋಲು; ಅದನ್ನು ಮುಚ್ಚಲಾಗದಂತೆ ಪೈಪ್ ಹಾಕಿದರೆ ಕುರುಡಾಗಿ ಬೆಸೆದಂತೆ.

ಸಿಲ್‌ನಲ್ಲಿ ಮೂರು ತಗಡುಗಳಿವೆ: ಹೊರಗಿನದು, ಒಳಗಿನದು ಮತ್ತು ನಡುವೆ ನಿಲ್ಲುವ ಬಲತಗಡು. ಒಂದು ಪಕ್ಕ ಪೂರ್ತಿ ಮುಗಿಯುವ ತನಕ ಇನ್ನೊಂದು ಪಕ್ಕವನ್ನು ಮುಟ್ಟಬಾರದು. ಕಂಬಗಳ ಬುಡದಲ್ಲಿ ತುಕ್ಕಿದ್ದರೆ ಅದನ್ನು ಮೊದಲು ಸರಿಪಡಿಸಿ, ಆಮೇಲೆ ಒಳ ಸಿಲ್ ಮತ್ತು ಅದಕ್ಕೆ ಅಂಟಿದ ನೆಲದ ತಗಡು, ಅದರ ಮೇಲೆ ಬಲತಗಡು, ಕೊನೆಗೆ ಹೊರ ಸಿಲ್ ಎಂಬ ಕ್ರಮದಲ್ಲಿ ಬನ್ನಿ. ಪ್ರತಿ ತಗಡನ್ನೂ ಮೊದಲು ಕ್ಲ್ಯಾಂಪ್ ಹಾಕಿ ಹಿಡಿದು, ಬಾಗಿಲು ಮುಚ್ಚಿ ಸಂದಿ ನೋಡಿ, ನಾಲ್ಕಾರು ಚುಕ್ಕಿ ಬೆಸುಗೆ ಇಟ್ಟು ಮತ್ತೊಮ್ಮೆ ನೋಡಿ, ಆಮೇಲೆ ಪೂರ್ತಿ ಬೆಸೆಯಿರಿ. ಬೇಸರದ ಕೆಲಸವೇ ಸರಿ, ಆದರೆ ಬೇರೆ ದಾರಿಯಿಲ್ಲ.

ಎರಡೂ ಪಕ್ಕ ಮುಗಿದ ಮೇಲೆ ಬಾಡಿಯನ್ನು ಎತ್ತಲು ಅಡ್ಡಿಯಿಲ್ಲ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಖಾಲಿ ಮಾಡಿ ಹೊರಗೆ ಒಯ್ಯಿರಿ. ಇದನ್ನು ಬೆಸುಗೆಗೆ ಮೊದಲೇ ಮಾಡಿರಬೇಕು, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಮುಂದಕ್ಕೆ ತೆರೆಯುವ ದೊಡ್ಡ ಬಾನೆಟ್, ಬಾಗಿಲುಗಳು, ಆಸನಗಳು, ಗೇರ್‌ಬಾಕ್ಸ್ ಮೇಲಿನ ಮುಚ್ಚಳ ಮೊದಲು ಹೊರಬರಲಿ. ಆಮೇಲೆ ಸ್ಟೀರಿಂಗ್ ಕೋಲಿನ ಜೋಡಣೆ, ಬ್ರೇಕ್ ಮತ್ತು ಕ್ಲಚ್ ಕೊಳವೆಗಳು, ಹ್ಯಾಂಡ್ ಬ್ರೇಕ್, ಆಕ್ಸಿಲರೇಟರ್, ಚೋಕ್ ಮತ್ತು ಸ್ಪೀಡೋಮೀಟರ್ ಕೇಬಲ್‌ಗಳು, ಹೀಟರಿನ ರಬ್ಬರ್ ಪೈಪ್‌ಗಳು, ಎಂಜಿನ್ ಕಡೆಗೆ ಹೋಗುವ ವೈರಿಂಗ್ ಮತ್ತು ಮೇಲೆ ಹೇಳಿದ ರೇಡಿಯಸ್ ಆರ್ಮ್‌ಗಳನ್ನು ಬಿಡಿಸಿ. ಬ್ರೇಕ್ ದ್ರವ ಬಣ್ಣವನ್ನು ಸುಲಿದುಬಿಡುತ್ತದೆ, ಕೊಳವೆಯ ಬಾಯಿಗಳನ್ನು ಮುಚ್ಚಿಡಿ. ಒಳಗಿನ ಸಾಮಾನುಗಳನ್ನೆಲ್ಲ ತೆಗೆದ ಬಾಡಿಯನ್ನು ನಾಲ್ಕು ಜನ ಎತ್ತಬಲ್ಲರು. ಮೊದಲು ಒಂದು ಗೇಣಿಗಿಂತ ಕಡಿಮೆ ಎತ್ತಿ, ಮರದ ತುಂಡು ಕೊಟ್ಟು, ಐದನೆಯವರು ಸುತ್ತ ತಿರುಗಿ ನೋಡಲಿ. ಮರೆತ ಭೂಸಂಪರ್ಕದ ತಂತಿಯೋ ಸ್ಪೀಡೋಮೀಟರ್ ಕೇಬಲೋ ಅಲ್ಲಿ ಬಿಗಿದು ನಿಂತಿರುವುದು ಮಾಮೂಲು. ಇಳಿಸಿದ ಬಾಡಿ ಚಾಸಿಯ ಮೇಲೆ ಯಾವ ಜಾಗಗಳಲ್ಲಿ ಕೂತಿತ್ತೋ ಅದೇ ಜಾಗಗಳಲ್ಲಿ ಮರದ ಚೌಕಟ್ಟಿನ ಮೇಲೂ ಕೂರಬೇಕು.

ಪ್ರಶ್ನೆ: ಟ್ರಯಂಫ್ ಟಿಆರ್6ರ ಬಾಡಿ ಬಿಚ್ಚುವಾಗ ಅರ್ಧ ಬೋಲ್ಟುಗಳು ತಿರುಗಲೇ ಇಲ್ಲ, ಕತ್ತರಿಸಬೇಕಾಯಿತು. ಬಾಡಿ ಮತ್ತು ಚಾಸಿ ನಡುವೆ ಇದ್ದ ರಬ್ಬರ್ ಮತ್ತು ಲೋಹದ ಬಿಲ್ಲೆಗಳೆಲ್ಲ ಒಂದೇ ಡಬ್ಬಿಯಲ್ಲಿ ಬೆರೆತುಹೋಗಿವೆ. ಯಾವುದು ಎಲ್ಲಿಯದೆಂದು ಈಗ ತಿಳಿಯುವುದು ಹೇಗೆ?

ಉತ್ತರ: ತಿಳಿಯಲು ಸಾಧ್ಯವಿಲ್ಲ, ತಿಳಿಯುವ ಅಗತ್ಯವೂ ಇಲ್ಲ. ಆ ಬಿಲ್ಲೆಗಳು ಕಾರ್ಖಾನೆಯಲ್ಲಿ ಒಂದೊಂದು ಕಾರಿಗೂ ಒಂದೊಂದು ಲೆಕ್ಕದಲ್ಲಿ ಬಿದ್ದವು, ಬಾಗಿಲು ಸರಿಯಾಗಿ ಕೂರುವ ತನಕ ಸೇರಿಸಿದವು. ನೀವೂ ಹಾಗೆಯೇ ಮಾಡಬೇಕು. ಎಲ್ಲ ಜಾಗಕ್ಕೂ ಹೊಸ ರಬ್ಬರ್ ಇಟ್ಟು, ಬಾಡಿ ಇಳಿಸಿ, ಬೋಲ್ಟುಗಳನ್ನು ಕೈಬಿಗಿಯಲ್ಲಿ ಮಾತ್ರ ಹಾಕಿ ಬಾಗಿಲುಗಳನ್ನು ತೂಗುಹಾಕಿ. ಬಾಗಿಲ ಹಿಂದಿನ ಸಂದಿ ಮೇಲ್ಭಾಗದಲ್ಲಿ ಕಿರಿದಾಗಿದ್ದರೆ ಬಾಗಿಲ ಕಂಬಗಳ ಕೆಳಗಿನ ಜಾಗಗಳಿಗೆ ಬಿಲ್ಲೆ ಸೇರಿಸಿ ನಡುವನ್ನು ಎತ್ತಬೇಕು. ಮೇಲ್ಭಾಗದಲ್ಲಿ ಅಗಲವಾಗಿದ್ದರೆ ಹಿಂದಿನ ತುದಿಯಲ್ಲಿ ಸೇರಿಸಬೇಕು. ಒಮ್ಮೆಗೆ ಒಂದೇ ಬಿಲ್ಲೆ, ಪ್ರತಿ ಸಲ ಬಿಗಿದು ನೋಡಿ. ಬಿಗಿದಾಗ ಬಾಡಿ ಕೆಳಕ್ಕೆ ಎಳೆದುಕೊಳ್ಳುತ್ತದೆ, ಸಡಿಲವಿದ್ದಾಗಿನ ಅಳತೆಯನ್ನು ನಂಬಬೇಡಿ.

ಆದರೆ ಇದೆಲ್ಲ ಚಾಸಿ ನೇರವಾಗಿದ್ದರೆ ಮಾತ್ರ. ಎಡ ಬಲಗಳ ಒಂದೇ ಜೋಡಿ ತೂತುಗಳ ಮಧ್ಯದಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಓರೆ ಅಳತೆಗಳೆರಡನ್ನೂ ಹೋಲಿಸಿ. ಅವೆರಡೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಟಿಆರ್6ರ ಚಾಸಿಯಲ್ಲಿ ಹಿಂದಿನ ಗಾಲಿಗಳನ್ನು ಹಿಡಿಯುವ ಟ್ರೇಲಿಂಗ್ ಆರ್ಮ್‌ಗಳು ಸೇರುವ ಜಾಗ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ತೂಗುವ ಕಡ್ಡಿಗಳ ಬುಡದಲ್ಲಿ ತಗಡು ಬಿರುಕು ಬಿಡುತ್ತದೆ. ಬಾಡಿ ಮೇಲಿದ್ದಾಗ ಈ ಜಾಗಗಳಿಗೆ ಕೈ ಹೋಗುವುದಿಲ್ಲ. ಬಾಡಿ ಬಿಚ್ಚಿದ ಶ್ರಮಕ್ಕೆ ನಿಜವಾದ ಪ್ರತಿಫಲ ಇದೇ ಎಂದು ನನ್ನ ಅನಿಸಿಕೆ, ಆದ್ದರಿಂದ ಅಲ್ಲಿ ಸುತ್ತಿಗೆಯ ತುದಿಯಿಂದ ತಟ್ಟಿ, ಸದ್ದು ಕೇಳಿ, ಸಂಶಯವಿದ್ದರೆ ಕತ್ತರಿಸಿ ನೋಡಿ.

ಬೋಲ್ಟುಗಳ ಮಾತು. ತುಕ್ಕು ಬಿಡಿಸುವ ಎಣ್ಣೆಯನ್ನು ಕೆಲಸದ ದಿನ ಹಾಕಿದರೆ ಫಲವಿಲ್ಲ, ವಾರದ ಮೊದಲಿಂದ ದಿನಾ ಹಾಕಬೇಕು. ಆ ಕಾಲದ ಬ್ರಿಟಿಷ್ ಕಾರುಗಳ ಬೋಲ್ಟಿನ ತಲೆಗಳು ಅಂಗುಲದ ಅಳತೆಯವು. ಅರ್ಧ ಅಂಗುಲ ಎಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪ್ಯಾನರ್ ಹಾಕಿದವರು ತಲೆಯ ಮೂಲೆಗಳನ್ನು ಉರುಟು ಮಾಡಿರುತ್ತಾರೆ. ಇನ್ನೂ ಹಿಂದಿನ ಎಂಜಿ ಟಿ ಸರಣಿಯ ಎಂಜಿನ್ನುಗಳಲ್ಲಿ ಬೋಲ್ಟಿನ ಎಳೆ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಸ್ಪ್ಯಾನರಿಗೆ ಒಗ್ಗುವಂಥದ್ದು. ಅಂಥ ವಿಚಿತ್ರವಾದರೂ ನಿಮ್ಮ ಪಾಲಿಗೆ ಬಂದಿಲ್ಲವಲ್ಲ ಎಂದು ಸಮಾಧಾನ ಪಡಿ.

ಪ್ರಶ್ನೆ: 1967ರ ಎಂಜಿಬಿ ರೋಡ್‌ಸ್ಟರಿನ ಬಾಡಿಯನ್ನೂ ಹೀಗೆಯೇ ಚಾಸಿಯಿಂದ ಎತ್ತಬಹುದೇ? ಸಿಲ್‌ಗಳು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತವೆ, ಆದರೆ ಕಾರಿಗೆ ಜ್ಯಾಕ್ ಹಾಕಿದಾಗ ಬಾಗಿಲು ತೆರೆಯುವುದಿಲ್ಲ.

ಉತ್ತರ: ಎತ್ತಲು ಅಲ್ಲಿ ಬೇರೆ ಚಾಸಿಯೇ ಇಲ್ಲ. ಎಂಜಿಎ ತನಕ ಎಂಜಿ ಸ್ಪೋರ್ಟ್ಸ್ ಕಾರುಗಳಿಗೆ ಪ್ರತ್ಯೇಕ ಚಾಸಿ ಇತ್ತು; 1962ರಲ್ಲಿ ಅದರ ಜಾಗಕ್ಕೆ ಬಂದ ಎಂಜಿಬಿಯಲ್ಲಿ ತಗಡಿನ ಬಾಡಿಯೇ ಚಾಸಿ. ನಿಮ್ಮ ಪ್ರಶ್ನೆಯ ಎರಡನೆಯ ವಾಕ್ಯ ಓದಿದಾಗ ನನಗೆ ಕಳವಳವಾಯಿತು. ಜ್ಯಾಕ್ ಹಾಕಿದಾಗ ಬಾಗಿಲು ಬಿಗಿಯುವುದೆಂದರೆ ಬಾಡಿ ನಡುವಿನಲ್ಲಿ ಬಾಗುತ್ತಿದೆ, ಹೊರಗೆ ಕಾಣುವ ಚಂದದ ಸಿಲ್ ಬಹುಶಃ ಹಳೆಯ ತುಕ್ಕಿನ ಮೇಲೆ ಹೊದಿಸಿದ ಮುಸುಕು. ಪರೀಕ್ಷೆ ಸುಲಭ. ಎಂಜಿಬಿಯ ಅಸಲಿ ಸಿಲ್ ಬಾಗಿಲಿನಷ್ಟಕ್ಕೇ ಮುಗಿಯುವುದಿಲ್ಲ; ಮುಂದೆ ಮಡ್‌ಗಾರ್ಡಿನ ಒಳಕ್ಕೂ ಹಿಂದೆ ಹಿಂಗಾಲಿಯ ಕಮಾನಿನ ತನಕವೂ ಮರೆಯಲ್ಲಿ ಸಾಗುತ್ತದೆ. ಸರಿಯಾಗಿ ಬದಲಿಸಬೇಕಾದರೆ ಬೋಲ್ಟಿನಲ್ಲಿ ನಿಂತ ಮುಂದಿನ ಮಡ್‌ಗಾರ್ಡನ್ನು ಬಿಚ್ಚಬೇಕು, ಹಿಂದಿನ ಮಡ್‌ಗಾರ್ಡಿನ ಕೆಳತುದಿಯನ್ನು ಕತ್ತರಿಸಬೇಕು. ಹಾಗೆ ಮಾಡಿದ ಗುರುತು ಇಲ್ಲದಿದ್ದರೆ ಒಳಗೆ ಏನೂ ಬದಲಾಗಿಲ್ಲ.

ಇಲ್ಲಿಯೂ ಹೊರ ಸಿಲ್, ನಡುವೆ ಉದ್ದಕ್ಕೂ ನಿಲ್ಲುವ ತಗಡು, ಒಳ ಸಿಲ್, ಬುಡದಲ್ಲಿ ಕ್ಯಾಸಲ್ ರೇಲ್ ಎಂದು ಕರೆಯುವ ಪಟ್ಟಿ ಎಂದು ಹಲವು ಪದರಗಳಿವೆ. ಸ್ಪಿಟ್‌ಫೈರ್ ಬಗ್ಗೆ ಹೇಳಿದ ಪೈಪ್ ಕಟ್ಟುವ, ಬಾಗಿಲು ಮುಚ್ಚಿ ನೋಡುವ, ಒಂದೊಂದೇ ಪಕ್ಕ ಮುಗಿಸುವ ನಿಯಮಗಳು ಇನ್ನೂ ಬಿಗಿಯಾಗಿ ಅನ್ವಯಿಸುತ್ತವೆ, ಏಕೆಂದರೆ ತಪ್ಪಾದರೆ ನೇರವಾಗಿ ಹಿಡಿಯಲು ಕೆಳಗೆ ಚಾಸಿಯಿಲ್ಲ. ಆಸರೆಯನ್ನು ಸಿಲ್‌ಗೆ ಕೊಡದೆ ಮುಂದಿನ ಅಡ್ಡತೊಲೆ ಮತ್ತು ಹಿಂದಿನ ಎಲೆ ಸ್ಪ್ರಿಂಗುಗಳ ಮುಂತುದಿಯ ಬಳಿ ಕೊಡಿ. ನೆಲ, ಸಿಲ್, ಕಂಬ, ಕಮಾನು ಎಲ್ಲವೂ ಹೋಗಿದ್ದರೆ ಹೊಸ ಬಾಡಿಯ ದಾರಿಯೂ ಇದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೆಯ ಅಚ್ಚುಗಳನ್ನೇ ಬಳಸಿ ಎಂಜಿಬಿ ಬಾಡಿಗಳನ್ನು ಮತ್ತೆ ಮಾಡತೊಡಗಿತು. ಹತ್ತಾರು ಬಿಡಿ ತಗಡುಗಳನ್ನು ಕೊಂಡು ತಿಂಗಳುಗಟ್ಟಲೆ ಬೆಸೆಯುವ ಮೊದಲು ಈ ಲೆಕ್ಕವನ್ನೂ ಹಾಕಿ ನೋಡುವುದು ವಿವೇಕ.

ಪ್ರಶ್ನೆ: ಹಿಂದಿನ ಮಡ್‌ಗಾರ್ಡಿನ ತುಕ್ಕನ್ನು ಕತ್ತರಿಸಿ ಹೊಸ ತುಂಡು ಬೆಸೆದೆ. ಬೆಸುಗೆ ಗಟ್ಟಿಯಾಗಿದೆ, ಆದರೆ ತಗಡು ಅಲೆ ಅಲೆಯಾಗಿದೆ. ಪುಟ್ಟಿ ತುಂಬಿ ಮುಚ್ಚಬಹುದೇ, ಅಥವಾ ಹಳೆಯ ಕಾಲದಂತೆ ಸೀಸ ಹಾಕಬೇಕೇ?

ಉತ್ತರ: ಎರಡಕ್ಕೂ ಮೊದಲು ಅಲೆಯನ್ನು ಇಳಿಸಬೇಕು. ಈ ಕಾರುಗಳ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪದ್ದು. ಬೆಸುಗೆಯ ಬಿಸಿಗೆ ಅದು ಹಿಗ್ಗುತ್ತದೆ, ಆರುವಾಗ ಹಿಗ್ಗಿದ್ದಕ್ಕಿಂತ ಹೆಚ್ಚು ಕುಗ್ಗುತ್ತದೆ, ಕುಗ್ಗಿದ ಗೆರೆ ಸುತ್ತಲಿನ ತಗಡನ್ನು ಎಳೆದು ಅಲೆ ಎಬ್ಬಿಸುತ್ತದೆ. ಕುಗ್ಗಿದ್ದನ್ನು ಮತ್ತೆ ಹಿಗ್ಗಿಸುವುದೇ ಪರಿಹಾರ: ಬೆಸುಗೆಯ ಗೆರೆಯನ್ನು ತಗಡಿನ ಮಟ್ಟಕ್ಕೆ ಉಜ್ಜಿ, ಹಿಂದಿನಿಂದ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದು, ಗೆರೆಯ ಮೇಲೆಯೇ ಸುತ್ತಿಗೆಯಿಂದ ಹಗುರವಾಗಿ ಬಡಿಯುತ್ತ ಬನ್ನಿ. ಅಲೆಯ ಉಬ್ಬಿನ ಮೇಲೆ ಬಡಿದರೆ ಉಬ್ಬು ಇನ್ನೂ ಬೆಳೆಯುತ್ತದೆ. ಹೊಸಬರು ಎಡವುವುದು ಇಲ್ಲಿ.

ಮುಂದಿನ ಸಲ 0.6 ಮಿಲಿಮೀಟರ್ ತಂತಿ ಮತ್ತು ಆರ್ಗಾನ್ ಬೆರೆತ ಗ್ಯಾಸ್ ಇರುವ ಮಿಗ್ ಬೆಸುಗೆ ಯಂತ್ರದಲ್ಲಿ, ಮೊದಲು ದೂರ ದೂರಕ್ಕೆ ಚುಕ್ಕಿಗಳನ್ನಿಟ್ಟು, ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆ ಆ ನಡುವಿನ ಜಾಗಗಳಲ್ಲಿ ಇನ್ನೊಂದು ಚುಕ್ಕಿ ಇಡುತ್ತ ಹೋಗಿ. ಉದ್ದ ಗೆರೆ ಎಳೆಯುವ ಆಸೆಯನ್ನು ಬಿಡಿ. ಜೋಡಣೆಯ ಗೆರೆ ಸಪಾಟು ಜಾಗದ ನಡುವೆ ಬಾರದೆ ಮಡಿಕೆಯ ಹತ್ತಿರ ಬರುವಂತೆ ಕತ್ತರಿಸಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಗ್ರೈಂಡರ್ ಕೂಡ ತಗಡನ್ನು ಕಾಯಿಸುತ್ತದೆ ಎಂಬುದನ್ನು ನೆನಪಿಡಿ.

ಸೀಸದ ವಿಷಯ. ಕಾರ್ಖಾನೆಗಳು ತಗಡುಗಳ ಜೋಡಣೆಯನ್ನು ಸೀಸದಿಂದ ತುಂಬುತ್ತಿದ್ದುದು ನಿಜ. 70 ಭಾಗ ಸೀಸ, 30 ಭಾಗ ತವರದ ಕಡ್ಡಿ ಸುಮಾರು 183 ಡಿಗ್ರಿಯಿಂದ 255 ಡಿಗ್ರಿ ಸೆಲ್ಸಿಯಸ್ ತನಕ ಬೆಣ್ಣೆಯಂತೆ ಮೆತ್ತಗಿರುತ್ತದೆ, ಆ ನಡುವಿನಲ್ಲಿ ಮರದ ಪಟ್ಟಿಯಿಂದ ತೀಡಬೇಕು. ಬಾಗಿಲಿನ ಅಂಚಿನಂಥ ಬಡಿತ ತಿನ್ನುವ ಜಾಗಕ್ಕೆ ಅದು ಪುಟ್ಟಿಗಿಂತ ಮೇಲು. ಆದರೆ ಸೀಸದ ಮೇಲೆ ಮರಳುಕಾಗದವನ್ನಾಗಲಿ ಗ್ರೈಂಡರನ್ನಾಗಲಿ ಓಡಿಸಬೇಡಿ. ಆ ಧೂಳು ವಿಷ. ಅರದಿಂದ ಮಾತ್ರ ಹೆರೆದು, ಬಿದ್ದ ಚೂರುಗಳನ್ನು ಬಳಿದೆತ್ತಬೇಕು. ಸೀಸ ಹಿಡಿಯಲೆಂದು ಹಚ್ಚಿದ ಆಮ್ಲದ ಫ್ಲಕ್ಸನ್ನು ಪೂರ್ತಿ ತೊಳೆಯದಿದ್ದರೆ ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆಯೇಳುತ್ತದೆ. ಸಪಾಟು ಜಾಗದಲ್ಲಿ ಎಪಾಕ್ಸಿ ಪ್ರೈಮರಿನ ಮೇಲೆ ಒಂದೆರಡು ಮಿಲಿಮೀಟರ್ ಪುಟ್ಟಿ ಹಾಕುವುದರಲ್ಲಿ ನಾಚಿಕೆಯೇನಿಲ್ಲ.

ಪ್ರಶ್ನೆ: ಲೋಟಸ್ ಎಲಾನ್ ಬಾಡಿ ಫೈಬರಿನದು, ತುಕ್ಕಿನ ಭಯವಿಲ್ಲ. ಹಾಗಿದ್ದರೂ ಬಾಡಿಯನ್ನು ಬಿಚ್ಚಬೇಕೇ? ಬಾನೆಟ್ ಮೇಲೆ ನಕ್ಷತ್ರದಂಥ ಬಿರುಕುಗಳೂ ಇವೆ.

ಉತ್ತರ: ಬಾಡಿಗೆ ತುಕ್ಕಿಲ್ಲ, ಅದರ ಕೆಳಗೆ ಬೆನ್ನೆಲುಬಿನಂತೆ ಮಲಗಿರುವ ಚಾಸಿ ಮಡಚಿದ ಉಕ್ಕಿನ ತಗಡಿನದು. ಅದರ ಮುಂದಿನ ಅಡ್ಡತೊಲೆ ಮೇಲೇಳುವ ಹೆಡ್‌ಲೈಟುಗಳಿಗೆ ಬೇಕಾದ ನಿರ್ವಾತದ ಪೆಟ್ಟಿಗೆಯಾಗಿಯೂ ಕೆಲಸ ಮಾಡುತ್ತದೆ. ಮುಂದಿನ ಸಸ್ಪೆನ್ಷನ್ ಗೋಪುರಗಳಲ್ಲಿ ನೀರು ಹೊರಹೋಗುವ ತೂತುಗಳು ಕೆಸರಿನಿಂದ ಮುಚ್ಚಿದರೆ ಅಲ್ಲಿಯೇ ಕೊಳೆಯುತ್ತದೆ. ಆ ತೂತುಗಳಿಗೆ ತಂತಿ ಹಾಕಿ ನೋಡಿ. ತುಕ್ಕಿನ ಹಳುಕು ಉದುರಿದರೆ ಬಾಡಿ ಬಿಚ್ಚಲೇಬೇಕು.

ಬಿಚ್ಚುವಾಗ ಒಂದು ಎಚ್ಚರ. ಬೋಲ್ಟುಗಳು ಫೈಬರಿನೊಳಗೆ ಹೂತಿಟ್ಟ ಲೋಹದ ಬಾಬಿನ್‌ಗಳಿಗೆ ಸೇರುತ್ತವೆ. ಬೋಲ್ಟು ಕಚ್ಚಿಕೊಂಡಿದ್ದು ನೀವು ಉದ್ದ ಸ್ಪ್ಯಾನರ್ ಹಾಕಿ ತಿರುಚಿದರೆ ಬಾಬಿನ್ನೇ ತಿರುಗಿ ಫೈಬರನ್ನು ಹರಿಯುತ್ತದೆ. ಬೆಂಕಿ ತೋರಿದರೆ ರಾಳ ಸುಡುತ್ತದೆ. ಬೋಲ್ಟಿನ ತಲೆಯನ್ನು ಕೊರೆದು ತೆಗೆದು, ಬಾಡಿ ಎತ್ತಿದ ಮೇಲೆ ಉಳಿದ ಕಡ್ಡಿಯನ್ನು ನಿಧಾನವಾಗಿ ಬಿಡಿಸುವುದು ಲೇಸು. ನಕ್ಷತ್ರದ ಬಿರುಕುಗಳು ಹಿಂದಿನಿಂದ ಬಿದ್ದ ಪೆಟ್ಟಿನ ಗುರುತು. ಮೇಲ್ಪದರವನ್ನು ಬಿರುಕಿನ ಕೊನೆಯ ತನಕ ಹಳ್ಳ ತೋಡಿದಂತೆ ಉಜ್ಜಿ, ಗಟ್ಟಿ ಪದರ ಸಿಕ್ಕ ಮೇಲೆ ಹಿಂದಿನಿಂದ ಗಾಜಿನ ನಾರಿನ ಚಾಪೆಯನ್ನೂ ಮುಂದಿನಿಂದ ತೆಳು ನಾರಿನ ಹಾಳೆಯನ್ನೂ ರಾಳದಲ್ಲಿ ಕೂರಿಸಿ. ಬರಿಯ ಪುಟ್ಟಿ ಬಳಿದರೆ ಬಿರುಕು ಮತ್ತೆ ಬರುತ್ತದೆ. ಲೋಹಕ್ಕೆ ಬಳಸುವ ಬಣ್ಣ ತೆಗೆಯುವ ದ್ರವವನ್ನು ಇಲ್ಲಿ ಮುಟ್ಟಲೇಬೇಡಿ, ಅದು ರಾಳವನ್ನೂ ತಿನ್ನುತ್ತದೆ.

ಪ್ರಶ್ನೆ: ಎಂಜಿಎ ಬಾಗಿಲಿನ ಬಣ್ಣದ ಕೆಳಗೆ ಬಿಳಿ ಪುಡಿ ಏಳುತ್ತಿದೆ. ಬಾಡಿಯನ್ನು ಪೂರ್ತಿ ಮರಳು ಊದಿಸಿ ಸ್ವಚ್ಛಮಾಡಿಸಲೇ?

ಉತ್ತರ: ಬೇಡ. ಎಂಜಿಎ ಬಾಗಿಲುಗಳ, ಬಾನೆಟ್ಟಿನ, ಡಿಕ್ಕಿ ಮುಚ್ಚಳದ ಹೊರಮೈ ಅಲ್ಯೂಮಿನಿಯಂ. ಅದು ಉಕ್ಕಿಗೆ ತಾಗಿ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ತಾನು ಸವೆದು ಆ ಬಿಳಿ ಪುಡಿಯಾಗುತ್ತದೆ. ಆಸ್ಟಿನ್ ಹೀಲಿಯಲ್ಲಿ ಉಕ್ಕಿನ ಮಡ್‌ಗಾರ್ಡುಗಳು ಅಲ್ಯೂಮಿನಿಯಂ ಮೈಗೆ ಸೇರುವಲ್ಲಿಯೂ ಇದೇ ಕಥೆ. ಪುಡಿಯನ್ನು ಹೊಳೆಯುವ ಲೋಹ ಕಾಣುವ ತನಕ ಹೆರೆದು, ಅಲ್ಯೂಮಿನಿಯಂಗೆ ಒಗ್ಗುವ, ಲೋಹದ ಮೈಯನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಹಚ್ಚಿ, ಎರಡು ಲೋಹಗಳ ನಡುವೆ ಸೀಲರಿನ ಪದರವಿಟ್ಟು ಜೋಡಿಸಿ. ಮರಳಿನ ಊದು ಚಾಸಿಗೆ ಒಳ್ಳೆಯದು, ಹೊರಮೈಯ ತೆಳು ತಗಡಿಗೆ ಅಲ್ಲ; ಕಾಳುಗಳ ಬಡಿತಕ್ಕೆ ಅದು ಹಿಗ್ಗಿ ಉಬ್ಬುತ್ತದೆ, ಹಾಗೆ ಹಾಳಾದ ಬಾನೆಟ್ ಮತ್ತೆ ನೆಟ್ಟಗಾಗುವುದಿಲ್ಲ. ಆಮ್ಲದ ತೊಟ್ಟಿಯಲ್ಲಿ ಅದ್ದಿಸಿದರೆ ಮಡಿಕೆಗಳೊಳಗೆ ಆಮ್ಲ ಉಳಿದು ಆಮೇಲೆ ಸೋರಬಹುದು. ಊದಿಸಿದ ಚಾಸಿಗೆ ಅದೇ ದಿನ ಪ್ರೈಮರ್ ಬೀಳಬೇಕು. ಬಣ್ಣವೆಲ್ಲ ಮುಗಿದ ಮೇಲೆ ಸಿಲ್‌ಗಳ ಒಳಕ್ಕೆ ಉದ್ದ ನಳಿಕೆಯಿಂದ ಮೇಣದ ದ್ರವ ಸಿಂಪಡಿಸಿ, ಅದು ಗಟ್ಟಿಯಾದ ನಂತರ ಕೆಳಗಿನ ನೀರುತೂತುಗಳಿಗೆ ಒಂದೊಂದಾಗಿ ತಂತಿ ಹಾಕಿ ನೋಡಿ. ಬಣ್ಣವೂ ಮೇಣವೂ ಸೇರಿ ಅವುಗಳಲ್ಲಿ ಕೆಲವನ್ನಾದರೂ ಮುಚ್ಚಿಯೇ ಇರುತ್ತವೆ.